ಗೌಡನ ಪಾಲಿನ ಬೆವರು

ಗೌಡನ ಉಚ್ಚೆ ಹೊರುವುದು ನನ್ನ ಕೆಲಸವಾಗಿತ್ತು. ಕೇಳಿ ಮೂಗು ಮುಚ್ಚಿಕೊಳ್ಳಬೇಡಿ. ಹೊತ್ತವಳು ನಾನು, ಮುಚ್ಚಿಕೊಳ್ಳದೆ ಹೊತ್ತಿದ್ದೇನೆ.

ನರಗುಂದದ ಕೋಟೆ ಬೀಳುವುದಕ್ಕೆ ಮೂರು ವರ್ಷ ಮೊದಲಿನ ಮಾತು. ಬೆಳವಣಕಿಗೂ ಅಬ್ಬಿಗೇರಿಗೂ ನಡುವೆ ನಮ್ಮ ಊರು. ಹೆಸರು ಹೇಳಿದರೆ ಆ ಊರಿಗೆ ಮರ್ಯಾದೆ ಕೊಟ್ಟ ಹಾಗಾಗುತ್ತದೆ, ಹೇಳುವುದಿಲ್ಲ. ಊರ ಗೌಡ ಮಹಾಲಿಂಗಪ್ಪ. ನೂರು ಕೂರಿಗೆ ಎರೆಹೊಲ, ಎರಡಂತಸ್ತಿನ ವಾಡೆ, ದಿನಕ್ಕೆ ಎರಡು ಹೊತ್ತು ಅಕ್ಕಿಯ ಅನ್ನ. ನಾನು ಉಡಚವ್ವ. ಊರ ಹೊರಗಿನ ಕೇರಿಯವಳು. ನನ್ನ ಗಂಡ ಕರೆಪ್ಪ ಗೌಡನ ಹೊಲದಲ್ಲಿ ಬಿಟ್ಟಿ ದುಡಿಯುತ್ತಿದ್ದ. ಬಿಟ್ಟಿ ಎಂದರೆ ಕೂಲಿ ಇಲ್ಲ. ಸುಗ್ಗಿಯಲ್ಲಿ ಕಣದ ಅಂಚಿಗೆ ಉಳಿದ ಜೋಳವೇ ವರ್ಷದ ಗಂಜಿ.

ಗೌಡನಿಗೆ ಸಿಹಿಮೂತ್ರದ ರೋಗ ಹತ್ತಿತು. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದ, ಗಡಿಗೆಗಟ್ಟಲೆ ಹೊರಗೆ ಬಿಡುತ್ತಿದ್ದ, ತಿಂದಷ್ಟೂ ಸೊರಗುತ್ತಿದ್ದ. ಗಜೇಂದ್ರಗಡದಿಂದ ವೈದ್ಯ ಗುರುಸಂಗಪ್ಪಜ್ಜ ಬಂದ. ಕಹಿ ಕಷಾಯ ಕೊಟ್ಟ, ಪಥ್ಯ ಹೇಳಿದ. ಪಥ್ಯ ಸರಿಯಾಗಿದೆಯೋ ಇಲ್ಲವೋ ತಿಳಿಯಲು ಒಂದು ದಾರಿಯನ್ನೂ ಹೇಳಿದ. ಮುಂಜಾನೆಯ ಉಚ್ಚೆಯನ್ನು ಇರುವೆ ಗೂಡಿನ ಹತ್ತಿರ ಸುರಿಯಬೇಕು. ಬಿಸಿಲು ಗೋಡೆಯ ತಲೆ ಮುಟ್ಟುವುದರೊಳಗೆ ಇರುವೆ ಮುತ್ತಿದರೆ ಮೈಯಲ್ಲಿ ಸಕ್ಕರೆ ಹೆಚ್ಚಾಗಿದೆ. ಅಂದು ನವಣೆ, ಹುರುಳಿ ಕಟ್ಟು, ಹಾಗಲಕಾಯಿ ಅಷ್ಟೇ. ಮುತ್ತದಿದ್ದರೆ ಒಂದು ತುತ್ತು ಅನ್ನ ಉಣ್ಣಬಹುದು.

ವಾಡೆಯಲ್ಲಿ ಹನ್ನೆರಡು ಆಳುಗಳಿದ್ದರು. ಆ ಉಚ್ಚೆಯ ಗಡಿಗೆಯನ್ನು ಒಬ್ಬರೂ ಮುಟ್ಟಲಿಲ್ಲ. ಹೊಲಸು ಯಾರದಾದರೂ ಹೊರುವ ತಲೆ ನಮ್ಮದೇ ಎಂದು ಊರು ಯಾವತ್ತೋ ತೀರ್ಮಾನ ಮಾಡಿತ್ತು. ಗೌಡತಿ ಸಿದ್ದಲಿಂಗವ್ವ ಹಿತ್ತಿಲ ಬಾಗಿಲಲ್ಲಿ ಗಡಿಗೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ನಾನು ಎತ್ತಿಕೊಂಡು ಹಿತ್ತಿಲ ಗೋಡೆಯ ಹೊರಗಿನ ತಿಪ್ಪೆಯ ಹತ್ತಿರ ಹೋಗಿ ಸುರಿದು, ಕುಕ್ಕರುಗಾಲಲ್ಲಿ ಕೂತು ಇರುವೆ ಕಾಯುತ್ತಿದ್ದೆ. ಮನೆಯಲ್ಲಿ ಒಲೆ ಹೊತ್ತಿರುತ್ತಿರಲಿಲ್ಲ. ನಾನು ಗೌಡನ ಉಚ್ಚೆಯ ಮುಂದೆ ಕೂತಿರುತ್ತಿದ್ದೆ.

ಬಿಸಿಲು ಗೋಡೆ ಮುಟ್ಟಿದ ಕೂಡಲೇ ಒಳಗಿನಿಂದ ಗೌಡನ ದನಿ ಬರುತ್ತಿತ್ತು.

"ಬಂದಾವೇನ್ಲೇ ಉಡಚಿ?"

"ಬಂದಾವ್ರಿ ಗೌಡ್ರ. ಕರ್ರಗ ಮುತ್ತ್ಯಾವ್ರಿ."

ಅಷ್ಟು ಹೇಳುವುದೇ ತಡ, ಗೋಡೆಯ ಮೇಲಿಂದ ಕೈಗೆ ಸಿಕ್ಕಿದ್ದು ಹಾರಿ ಬರುತ್ತಿತ್ತು. ಒಮ್ಮೆ ಕೆರ, ಒಮ್ಮೆ ಕಟ್ಟಿಗೆ, ಒಮ್ಮೆ ಹಿತ್ತಾಳೆ ತಂಬಿಗೆ. ತಂಬಿಗೆ ಹುಬ್ಬಿಗೆ ಬಡಿದು ಒಡೆಯಿತು. ಒಡೆದದ್ದು ಹುಬ್ಬು, ತಂಬಿಗೆಯಲ್ಲ.

"ನಿನ್ನ ಬಾಯಾಗ ಚಲೋ ಮಾತ ಬರೂದ ಇಲ್ಲೇನ್ಲೇ? ಅಪಶಕುನದ ಬಾಯಿ."

ಯುಗಾದಿ ಬಂತು. ವಾಡೆಯಲ್ಲಿ ಹೋಳಿಗೆಯ ಘಮ. ಆ ದಿನ ಗಡಿಗೆ ಇಡುವಾಗ ಸಿದ್ದಲಿಂಗವ್ವ ಸಣ್ಣ ದನಿಯಲ್ಲಿ ಹೇಳಿದಳು: "ಹಬ್ಬ ಐತಿ. ಇವತ್ತರ ಬಂದಿಲ್ಲ ಅಂತ ಹೇಳ. ಅವರಿಗೂ ಸಮಾಧಾನ ಆಗತೈತಿ, ನಿನಗೂ ಏಟ ತಪ್ಪತೈತಿ."

"ಬಂದಿಲ್ರಿ ಗೌಡ್ರ," ಅಂದೆ.

ಎಂಟು ದಿನ ಹಾಗೆಯೇ ಹೇಳಿದೆ. ಎಂಟೂ ದಿನ ಇರುವೆಗಳು ಜಾತ್ರೆಗೆ ಬಂದಂತೆ ಬಂದಿದ್ದವು. ಎಂಟೂ ದಿನ ನನ್ನ ಮೈಮೇಲೆ ಏಟು ಬೀಳಲಿಲ್ಲ. ಆ ಊರಿಗೆ ಸೊಸೆಯಾಗಿ ಬಂದ ಮೇಲೆ ಅಷ್ಟು ನೆಮ್ಮದಿಯ ಎಂಟು ದಿನ ನಾನು ಕಂಡಿರಲಿಲ್ಲ. ಗೌಡ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು ತಿಂದ. ನನಗೆ ಪಾಪ ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ. ಖರೇ ಹೇಳಿದವಳ ಹುಬ್ಬು ಒಡೆದವನಿಗೆ ಖರೇ ಕೇಳುವ ಹಕ್ಕು ಎಲ್ಲಿಂದ ಬರಬೇಕು?

ಒಂಬತ್ತನೆಯ ದಿನ ಗೌಡ ಬಿದ್ದ. ವಾಂತಿ, ಹೊಟ್ಟೆನೋವು. ಉಸಿರಿಗೆ ಕೊಳೆತ ಹಣ್ಣಿನ ವಾಸನೆ. ಮಲಗಿದಲ್ಲೇ ಗಾಡಿ ಎಳೆದು ಬಂದ ಎತ್ತಿನ ಹಾಗೆ ಆಳವಾಗಿ ಏದುತ್ತಿದ್ದ. ವೈದ್ಯನನ್ನು ಕರೆತರಲು ಗಜೇಂದ್ರಗಡಕ್ಕೆ ಕುದುರೆ ಓಡಿತು. ಅಷ್ಟರಲ್ಲಿ ವಾಡೆಯ ಹಿರಿಯರು ಒಂದು ಉಪಾಯ ಮಾಡಿದರು. ಕುಡಿದದ್ದೆಲ್ಲ ಉಚ್ಚೆಯಾಗಿ ಹೋಗುತ್ತಿದೆ, ಕುಡಿಸುವುದನ್ನೇ ನಿಲ್ಲಿಸಿದರೆ ಹೋಗುವುದೂ ನಿಲ್ಲುತ್ತದೆ ಅಂದರು. ನೀರಿನ ಹಂಡೆಯನ್ನು ಕೋಣೆಯಿಂದ ಹೊರಗೆ ಇಡಿಸಿದರು.

ಮಧ್ಯಾಹ್ನ ಎಲ್ಲರೂ ಮುಂದಿನ ಪಡಸಾಲೆಯಲ್ಲಿ ಪೂಜೆಗೆ ಕೂತಿದ್ದರು. ನಾನು ಹಿತ್ತಿಲಲ್ಲಿ ಕುಳ್ಳು ತಟ್ಟುತ್ತಿದ್ದೆ. ಕಿಟಕಿಯೊಳಗಿಂದ ದನಿ ಕೇಳಿತು.

"ನೀರ... ಯಾರರ ನೀರ ಕೊಡ್ರೋ..."

ನನ್ನ ಬುತ್ತಿಯ ಗಡಿಗೆಯಲ್ಲಿ ಉಪ್ಪು ಹಾಕಿದ ತೆಳ್ಳನೆಯ ಜೋಳದ ಅಂಬಲಿ ಇತ್ತು. ಕಿಟಕಿ ತಗ್ಗಿನಲ್ಲಿತ್ತು. ನಾನು ಯೋಚನೆ ಮಾಡಲಿಲ್ಲ. ಮಾಡಿದ್ದರೆ ಕೊಡುತ್ತಿರಲಿಲ್ಲ. ಗೌಡ ತೆವಳಿ ಬಂದು ಕಿಟಕಿಯ ಸರಳುಗಳ ನಡುವೆ ಎರಡೂ ಕೈ ಚಾಚಿ ಬೊಗಸೆ ಮಾಡಿದ. ಸುರಿದೆ. ಕುಡಿದ, ಕಾರಿದ, ಮತ್ತೆ ಬೊಗಸೆ ಒಡ್ಡಿದ. ಅಂಬಲಿ ಮುಗಿಯಿತು. ಕೇರಿಯ ಹೊಂಡಕ್ಕೆ ಓಡಿ ನೀರು ತಂದು ಉಪ್ಪು ಕಲಸಿ ಮತ್ತೆ ಸುರಿದೆ. ಹೊತ್ತು ಇಳಿಯುವವರೆಗೂ ಬೊಗಸೆ ಬೊಗಸೆ ಸುರಿದೆ.

ಮರುದಿನ ಮುಂಜಾನೆ ಗುರುಸಂಗಪ್ಪಜ್ಜ ಬಂದಾಗ ಗೌಡ ಗೋಡೆಗೆ ಒರಗಿ ಕೂತಿದ್ದ.

"ಈ ಉಸರು ಹಿಡದವರು ಏಳೂದಿಲ್ಲ," ಅಂದನಂತೆ ಅಜ್ಜ. "ಏನ ಕುಡಿಸೀರಿ?"

ಗೌಡನೇ ಕಿಟಕಿಯ ಕಡೆ ಕೈ ಮಾಡಿದ.

ಅಜ್ಜ ಉಪ್ಪು ನೀರನ್ನೇ ಮುಂದುವರಿಸಿದ. ನಾಲ್ಕು ದಿನಕ್ಕೆ ಗೌಡ ಎದ್ದು ನಿಂತ. ನಿಂತ ದಿನವೇ ಅವನಿಗೆ ಶುದ್ಧಿ ಮಾಡಿಸಿದರು. ವಿಭೂತಿ, ತೀರ್ಥ, ಹೊಸ ಧೋತರ. ನನಗೂ ಆಯಿತು. ಗೌಡನ ಹುಕುಂ ನಡೆಸುವ ವಾಲೀಕಾರ ಈಶಪ್ಪ ನನ್ನನ್ನು ಹಿತ್ತಿಲ ಕಂಬಕ್ಕೆ ಕಟ್ಟಿ ಬಾರುಕೋಲಿನಿಂದ ಏಳು ಹೊಡೆದ. ಗೌಡನ ಜಾತಿ ಕೆಡಿಸಿದ್ದಕ್ಕೆ. ಅದೇ ಕಿಟಕಿಯ ಒಳಗೆ ಗೌಡ ಕೂತಿದ್ದ. ನಾನೇ ಬೇಡಿ ಕುಡಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕುಡಿಯುವಾಗ ತೆರೆದ ಬಾಯಿ ಆಗ ತೆರೆಯಲಿಲ್ಲ.

ಹೋಗುವ ಮುಂಚೆ ಅಜ್ಜ ಪಡಸಾಲೆಯಲ್ಲಿ ಕೂತು ಮುಂದಿನ ಚಿಕಿತ್ಸೆ ಹೇಳಿದ. ನಾನು ಅಂಗಳದ ಅಂಚಿನಲ್ಲಿ ಕಸ ಬಳಿಯುತ್ತಿದ್ದೆ. ಪ್ರತಿ ಮಾತೂ ಕೇಳಿಸಿತು.

"ಗೌಡ್ರ, ಈ ರೋಗ ಹೋಗೂದಲ್ಲ. ಕಟ್ಟಿ ಹಾಕಿ ಇಟಗೋಬೇಕು ಅಷ್ಟ. ಔಷಧ ಅರ್ಧ, ಬೆವರು ಅರ್ಧ. ಬಡವ ಉಂಡಂಗ ಉಣ್ರಿ, ಬಡವ ದುಡದಂಗ ದುಡೀರಿ. ಹಳೇ ಗ್ರಂಥದಾಗ ಐತಿ, ಸ್ವಂತ ಕೈಲೆ ಒಂದು ಬಾವಿ ತೋಡ್ರಿ. ಬಾವಿ ತೋಡೂದ್ರಾಗ ಸಕ್ಕರಿ ಇಳಿತೈತಿ."

ಸ್ವಂತ ಕೈಲೆ ಅಂದದ್ದು ನನಗೆ ಕೇಳಿತು. ಗೌಡನಿಗೆ ಕೇಳಲಿಲ್ಲ. ಕೇಳಿಸದಿರುವುದಕ್ಕೆ ಕಾರಣವಿತ್ತು. ನಮ್ಮ ಊರಲ್ಲಿ ಗೌಡರ ಕಷ್ಟಗಳನ್ನೆಲ್ಲ ನಾವೇ ತೀರಿಸುವ ರೂಢಿ. ಗೌಡತಿಗೆ ಮಗನಾಗಲಿ ಎಂದು ಗೌಡ ದೀಡ ನಮಸ್ಕಾರದ ಹರಕೆ ಹೊತ್ತಿದ್ದ. ಗುಡಿಯ ಸುತ್ತ ನೆಲಕ್ಕೆ ಉದ್ದಕ್ಕೆ ಬಿದ್ದು, ಎದ್ದು, ಮತ್ತೆ ಬೀಳುತ್ತ ಸಾಗಬೇಕು. ಬಿದ್ದು ಎದ್ದವನು ನನ್ನ ಗಂಡ. ಗುಡಿಯ ಒಳಗೆ ಬರುವ ಹಾಗಿಲ್ಲವಲ್ಲ, ಹೊರಗೋಡೆಯ ಸುತ್ತ ಕಲ್ಲು ಮುಳ್ಳಿನ ಮೇಲೆ ಇಪ್ಪತ್ತೊಂದು ಸುತ್ತು. ಕರೆಪ್ಪನ ಮೊಣಕಾಲು ಚಿಪ್ಪಿನ ಚರ್ಮ ಹೋಯಿತು, ಗೌಡನಿಗೆ ಮಗನಾದ. ಆಳಿನ ಮೈ ದಣಿದರೆ ಫಲ ಒಡೆಯನಿಗೆ ಸೇರುತ್ತದೆ ಎನ್ನುವುದು ಆ ವಾಡೆಯಲ್ಲಿ ಸೂರ್ಯ ಮೂಡುವಷ್ಟು ಖಚಿತವಾಗಿತ್ತು. ಹರಕೆಗೆ ಆದದ್ದು ಔಷಧಕ್ಕೆ ಯಾಕೆ ಆಗಬಾರದು?

ಊರ ತೆಂಕಣ ಹೊಲದಲ್ಲಿ ಬಾವಿಗೆ ಗೆರೆ ಎಳೆದರು. ಕೇರಿಯ ಒಂಬತ್ತು ಗಂಡಸರು ಬರಬೇಕೆಂದು ಹುಕುಂ ಆಯಿತು. ದಿನಾ ಮುಂಜಾನೆ ಗೌಡ ಕೊಡೆ ಹಿಡಿಸಿಕೊಂಡು ಬರುತ್ತಿದ್ದ. ಗುದ್ದಲಿಯನ್ನು ಹಣೆಗೆ ಮುಟ್ಟಿಸಿಕೊಂಡು, "ಇದು ನನ್ನ ಪಾಲಿನ ಬೆವರು" ಎಂದು ಹೇಳಿ ನೆಲದ ಮೇಲೆ ಇಡುತ್ತಿದ್ದ. ಕೈಯಿಂದ ಕೈಗೆ ಕೊಟ್ಟರೆ ಮೈಲಿಗೆ. ಕರೆಪ್ಪ ನೆಲದಿಂದ ಎತ್ತಿಕೊಂಡು ತಗ್ಗಿಗೆ ಇಳಿಯುತ್ತಿದ್ದ. ಗೌಡ ನೆರಳಿನಲ್ಲಿ ಹೊರಸಿನ ಮೇಲೆ ಕೂತು ವಾಸಿಯಾಗಲು ಕಾಯುತ್ತಿದ್ದ.

ವೈಶಾಖದ ಬಿಸಿಲು. ಒಣಗಿದ ಎರೆಮಣ್ಣು ಗುದ್ದಲಿಗೆ ಬಗ್ಗುವುದಿಲ್ಲ. ಒಂದಾಳುದ್ದದ ಎರೆ ಮುಗಿದ ಮೇಲೆ ಹರಳುಗಲ್ಲಿನ ಗರಸು, ಗರಸಿನ ಕೆಳಗೆ ಕಲ್ಲು. ಹಾರೆ ಹಾಕಿ ಹಾಕಿ ಕರೆಪ್ಪನ ಅಂಗೈ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದಿತು. ಹೆಂಗಸರಾದ ನಾವು ಬುಟ್ಟಿ ಹೊತ್ತು ಮೇಲೆ ತಂದೆವು. ಅದಕ್ಕೆ ಮುಂಚೆ ದಿನಾ ಉಚ್ಚೆಯ ಗಡಿಗೆ ಹೊರುವುದು ನನಗೆ ತಪ್ಪಿರಲಿಲ್ಲ.

ಇರುವೆ ಬರುವುದೂ ತಪ್ಪಲಿಲ್ಲ. ಹೇಗೆ ತಪ್ಪುತ್ತದೆ? ಕರೆಪ್ಪ ಬೆವರಿದರೆ ಕರೆಪ್ಪನ ಮೈ ಒಣಗುತ್ತದೆ. ಗೌಡ ಹೊರಸಿನ ಮೇಲೆ ಕೂತು, ಪಥ್ಯ ಪಾಲಿಸುತ್ತಿದ್ದೇನಲ್ಲ ಎಂದು ಮಧ್ಯಾಹ್ನಕ್ಕೆ ಬೆಲ್ಲದ ಪಾನಕ ತರಿಸಿಕೊಳ್ಳುತ್ತಿದ್ದ.

ಹನ್ನೊಂದನೆಯ ದಿನ ನಾನು ಇರುವೆ ಬಂದಿವೆ ಎಂದಾಗ ಗೌಡ ಬಾವಿಯ ಅಂಚಿಗೆ ಬಂದು ನಿಂತ.

"ನಾ ಪಥ್ಯ ಮಾಡಾಕ ಹತ್ತೀನಿ, ಕಷಾಯ ಕುಡ್ಯಾಕ ಹತ್ತೀನಿ. ಆದ್ರೂ ಇರುವಿ ಬರ್ತಾವಂದ್ರ ಏನರ್ಥ? ನೀವು ಸರಿ ಅಗ್ಯಾಕ ಹತ್ತಿಲ್ಲ. ನನ್ನ ಬೆವರು ಕದೀತೀರೇನ್ಲೇ?"

ಬೆವರಿನ ಕಳ್ಳತನ. ಲೋಕದಲ್ಲಿ ಇಂಥ ಕಳ್ಳತನದ ಹೆಸರು ಯಾರಾದರೂ ಕೇಳಿದ್ದೀರಾ? ಗುದ್ದಲಿ ಎತ್ತಿಕೊಂಡವನು ಕರೆಪ್ಪ, ಹಾಗಾಗಿ ಕಳ್ಳನೂ ಅವನೇ. ಈಶಪ್ಪ ಐದು ಹೊಡೆದ. ಅಂದಿನಿಂದ ಅದೇ ನೇಮವಾಯಿತು. ಇರುವೆ ಬಂದ ದಿನ ಕರೆಪ್ಪನಿಗೆ ಐದು ಏಟು.

ಅಂದರೆ ನನ್ನ ಗಂಡನಿಗೆ ಏಟು ಬೀಳಬೇಕೋ ಬೇಡವೋ ಎಂದು ದಿನಾ ಮುಂಜಾನೆ ಹೇಳುವವಳು ನಾನಾದೆ. ಖರೇ ಹೇಳಿದರೆ ಅವನ ಬೆನ್ನು ಹರಿಯುತ್ತದೆ. ಸುಳ್ಳು ಹೇಳಿದರೆ ಗೌಡ ಹೋಳಿಗೆ ತಿಂದು ಮತ್ತೆ ಬೀಳುತ್ತಾನೆ, ಆಗ ಕರೆಪ್ಪನ ಕುತ್ತಿಗೆಯೇ ಹೋಗುತ್ತದೆ. ಎರಡು ದಿನ ಸುಳ್ಳು ಹೇಳಿ ನೋಡಿದೆ. ಎರಡನೆಯ ದಿನ ಸಂಜೆಗೇ ಗೌಡನಿಗೆ ತಲೆ ತಿರುಗಿತು. ಮರುದಿನ ಕರೆಪ್ಪನಿಗೆ ಹತ್ತು ಬಿದ್ದವು.

ಬೆನ್ನಿನ ಗಾಯ ಕೀವು ಹಿಡಿಯಿತು. ಸಂಜೆ ಅರಿಶಿನ ಎಣ್ಣೆ ಹಚ್ಚುವಾಗ ಅವನ ಮೈ ಒಲೆಗಲ್ಲಿನ ಹಾಗೆ ಸುಡುತ್ತಿತ್ತು.

"ಇನ್ನ ಎಷ್ಟ ದಿನ ತಾಳತಿ?" ಅಂದೆ.

"ನೀರ ಬೀಳೂ ಮಟ. ಇನ್ನ ಹತ್ತ ಮೊಳ ಅದಾವು."

"ನೀರು ಬೀಳೂದ್ರಾಗ ನೀ ಬೀಳತಿ."

"ಹಂಗಂದ್ರ ಏನ ಮಾಡೂಣು? ನೀನ ಹೇಳ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನ್ನನ್ನು ಕೊಂದಿತು. ಬಂದಾವ್ರಿ ಎಂದು ದಿನಾ ಹೇಳುವ ಬಾಯಿ ನನ್ನದು, ಅದನ್ನು ಅವನು ಒಂದು ದಿನವೂ ಬೈದಿರಲಿಲ್ಲ. ಆ ಸಂಜೆ ನನ್ನ ಮೇಲೆ ನನಗೇ ಹೇಸಿಕೆ ಬಂತು. ಆಮೇಲೆ ಅನ್ನಿಸಿತು, ಹೇಸಬೇಕಾದವಳು ನಾನಲ್ಲ.

ವಾರಕ್ಕೊಮ್ಮೆ ಬರುತ್ತಿದ್ದ ಗುರುಸಂಗಪ್ಪಜ್ಜ ಮರುದಿನ ಗೌಡನನ್ನು ನೋಡಲು ಬಂದಿದ್ದ. ಇಬ್ಬರೂ ಬಾವಿಯ ಹತ್ತಿರ ಹೊರಸಿನ ಮೇಲೆ ಕೂತಿದ್ದರು. ಈಶಪ್ಪ ಬಾರುಕೋಲು ಹಿಡಿದು ನಿಂತಿದ್ದ. ಕೆಳಗೆ ಕಲ್ಲು ಒಡೆಯುವ ಸದ್ದು. ನಾನು ಗಡಿಗೆಯನ್ನು ತಿಪ್ಪೆಗೆ ಒಯ್ಯಲಿಲ್ಲ. ತುಂಬಿದ ಗಡಿಗೆ ಸಮೇತ ಬಾವಿಗೆ ಬಂದೆ. ಗೌಡನ ಮುಂದೆ ನೆಲದ ಮೇಲೆ ಇಟ್ಟೆ.

"ಇದೇನ್ಲೇ ಇಲ್ಲಿ ತಂದಿ? ಇರುವಿ ಬಂದಾವೋ ಇಲ್ಲೋ?"

"ನಾ ಹೇಳಂಗಿಲ್ರಿ."

"ಏನಂದಿ?"

"ಬಂದಾವನ್ನೂದಿಲ್ಲ, ಬಂದಿಲ್ಲನ್ನೂದಿಲ್ಲ. ಉಚ್ಚಿ ನಿಮ್ಮದು. ನೀವ ಸುರೀರಿ, ನೀವ ಕುಂತ ನೋಡ್ರಿ."

ಕೆಳಗೆ ಹಾರೆಯ ಸದ್ದು ನಿಂತಿತು. ಗೌಡನ ಮುಖ ಕೆಂಪಗಾಯಿತು. ಈಶಪ್ಪನಿಗೆ ಸನ್ನೆ ಮಾಡುವ ಮೊದಲೇ ನಾನು ವೈದ್ಯನ ಕಡೆ ತಿರುಗಿದೆ.

"ಅಜ್ಜಾರ, ನೀವು ಓದಿದವರು. ಒಂದು ಮಾತ ಹೇಳ್ರಿ. ನನ್ನ ಗಂಡ ಅಗದ್ರ ಗೌಡ್ರ ಮೈಯಾಗಿನ ಸಕ್ಕರಿ ಇಳಿತೈತೇನ್ರಿ?"

ಅಜ್ಜ ತನ್ನ ಚೀಲದ ಗಂಟು ಬಿಚ್ಚಿದ, ಮತ್ತೆ ಕಟ್ಟಿದ. ಅವನಿಗೆ ಮೊದಲ ದಿನದಿಂದ ಗೊತ್ತಿತ್ತು. ತಗ್ಗಿನಲ್ಲಿ ನಾವು ಅಗೆಯುವುದನ್ನು ಕಂಡಾಗ ಗೊತ್ತಿತ್ತು, ಕರೆಪ್ಪನ ಬೆನ್ನು ನೋಡಿದಾಗಲೂ ಗೊತ್ತಿತ್ತು. ವಾಡೆಯ ಊಟ ಉಂಡು ಸುಮ್ಮನಿದ್ದ. ಹೊಡೆದ ಈಶಪ್ಪನಿಗಿಂತ ಈ ಸುಮ್ಮನಿದ್ದವನ ಮೇಲೆ ನನಗೆ ಇವತ್ತಿಗೂ ಹೆಚ್ಚು ಸಿಟ್ಟಿದೆ.

"ಹೇಳ್ರಿ ಅಜ್ಜಾರ. ನಾ ಉಂಡ್ರ ನಿಮ್ಮ ಹೊಟ್ಟಿ ತುಂಬತೈತೇನು?"

"ಇಲ್ಲ," ಅಂದ ಅಜ್ಜ. ತಲೆ ಎತ್ತಲಿಲ್ಲ. "ಗೌಡ್ರ, ನಾ ಸ್ವಂತ ಕೈಲೆ ಅಂತ ಹೇಳಿದ್ದೆ. ಇನ್ನೊಬ್ಬರ ಬೆವರು ನಿಮಗ ಔಷಧ ಆಗೂದಿಲ್ಲ."

ಗೌಡ ಎದ್ದು ನಿಂತ. "ಹೊಡೀಲೇ ಇಕಿನ್ನ!" ಎಂದು ಕಿರುಚಿದ. ಈಶಪ್ಪನ ಬಾರುಕೋಲು ಮೇಲೆದ್ದಿತು. ಅಷ್ಟರಲ್ಲಿ ಕರೆಪ್ಪ ತಗ್ಗಿನಿಂದ ಹತ್ತಿ ಬಂದ. ಅವನ ಹಿಂದೆ ಎಂಟು ಜನ. ಒಂಬತ್ತು ಮಂದಿಯ ಕೈಯಲ್ಲೂ ಗುದ್ದಲಿ, ಹಾರೆ, ಸಲಿಕೆ. ಮೈಯೆಲ್ಲ ಗರಸಿನ ಧೂಳು, ಕಣ್ಣು ಮಾತ್ರ ಕಾಣುತ್ತಿದ್ದವು. ಯಾರೂ ಕೈ ಎತ್ತಲಿಲ್ಲ, ಎತ್ತುವ ಅಗತ್ಯವೂ ಬೀಳಲಿಲ್ಲ. ಈಶಪ್ಪನ ಬಾರುಕೋಲು ತಾನಾಗಿ ಇಳಿಯಿತು.

ಕರೆಪ್ಪ ಗುದ್ದಲಿಯನ್ನು ಗೌಡನ ಕಾಲ ಹತ್ತಿರ ಎಸೆದ.

"ನಿಮ್ಮ ಪಾಲು ನಿಮಗ ಬಿಟ್ಟೀವ್ರಿ," ಅಂದ. "ನಾವು ಸುರಿಸಿದ್ದು ನಮ್ಮದು. ಕದ್ದದ್ದು ನಾವಲ್ಲ."

ಎಂಟು ಜನರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಹತಾರು ಎಸೆದರು. ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದು ಊರಿಗೆಲ್ಲ ಕೇಳಿರಬೇಕು. ನಾವು ಕೇರಿಗೆ ನಡೆದೆವು. ನನಗೆ ಜೋರಾಗಿ ನಗು ಬಂತು, ಅಳುವೂ ಬಂತು.

ಸುಲಭವಾಗಿ ಮುಗಿಯಿತು ಅಂದುಕೊಳ್ಳಬೇಡಿ. ಗೌಡ ಕಣದ ಜೋಳ ನಿಲ್ಲಿಸಿದ. ಊರಲ್ಲಿ ಯಾರೂ ನಮಗೆ ಕೆಲಸ ಕೊಡಬಾರದೆಂದು ಡಂಗುರ ಸಾರಿಸಿದ. ಕಾಡು ಸೊಪ್ಪು ಬೇಯಿಸಿ ತಿಂದೆವು. ಹೊಳೆವ್ವ ಎಂಬ ಮುದುಕಿ ಆ ಹಸಿವಿನಲ್ಲೇ ಸತ್ತಳು, ಅವಳ ಸಾವನ್ನು ನಾನು ಗೌಡನ ತಲೆಗೇ ಕಟ್ಟುತ್ತೇನೆ. ಕಡೆಗೆ ಬೆಳವಣಕಿಯ ಒಬ್ಬ ಒಕ್ಕಲಿಗ ಹೊಲ ಹಸನು ಮಾಡಲು ಕರೆದ. ನಮ್ಮ ಗಂಡಸರು ಊರ ಗಡಿ ದಾಟಿ ದುಡಿಯಲು ಹೋದರು. ಕರೆಪ್ಪನ ಬೆನ್ನು ಒಣಗಿತು.

ಗೌಡ ಬಾವಿಗೆ ಬೇರೆ ಆಳು ಹುಡುಕಿಸಿದ. ಈಶಪ್ಪ ಅಬ್ಬಿಗೇರಿಯ ಕೇರಿಗೆ ಹೋಗಿ ಕೂಲಿ ಕೊಡುತ್ತೇವೆ ಅಂದನಂತೆ. ಅಲ್ಲಿಯವರು ಒಂದೇ ಮಾತು ಕೇಳಿದರಂತೆ: "ಇರುವಿ ಬಂದ್ರ ಯಾರ ಬೆನ್ನರಿ?" ಈಶಪ್ಪ ಬಂದ ದಾರಿ ಹಿಡಿದ. ಅವರು ಬರಲಿಲ್ಲ. ಸುದ್ದಿ ಈಶಪ್ಪನಿಗಿಂತ ಮುಂಚೆ ಅಲ್ಲಿಗೆ ನಡೆದಿತ್ತು.

ವಾಡೆಯಲ್ಲಿ ಗಡಿಗೆ ಹೊರುವವರು ಇಲ್ಲವಾದರು. ಇರುವೆ ನೋಡುವವರೂ ಇಲ್ಲವಾದರು. ಗೌಡ ಮನಸ್ಸಿಗೆ ಬಂದದ್ದು ಉಂಡ. ಮುಂಗಾರಿನ ಮೊದಲೇ ಮತ್ತೆ ಬಿದ್ದ. ಅದೇ ಕೊಳೆತ ಹಣ್ಣಿನ ಉಸಿರು, ಅದೇ ಏದುಸಿರು. ಈ ಸಲ ನೀರು ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಉಪ್ಪು ನೀರು ಕುಡಿಸಿದರು, ಹೇಗೋ ಉಳಿದ. ಗುರುಸಂಗಪ್ಪಜ್ಜ ಊರಿಗೆ ಮರಳುವಾಗ ಎಲ್ಲರ ಮುಂದೆಯೇ ಹೇಳಿ ಹೋದನಂತೆ: "ಮೂರನೇ ಸಲ ಕುದರಿ ಕಳಸಬ್ಯಾಡ್ರಿ. ನಾ ಬಂದ್ರೂ ಹೆಣ ನೋಡಾಕ ಬರಬೇಕು. ದುಡೀರಿ, ಇಲ್ಲಾಂದ್ರ ಸಾಯ್ರಿ." ಒಮ್ಮೆ ಬಾಯಿ ಬಿಟ್ಟ ಮೇಲೆ ಅಜ್ಜನಿಗೂ ರುಚಿ ಹತ್ತಿತ್ತು ಅಂತ ಕಾಣುತ್ತದೆ.

ಅದಾಗಿ ಒಂದು ವಾರ. ಮಧ್ಯಾಹ್ನ ನಾನು ಹೊಂಡದಿಂದ ನೀರು ಹೊತ್ತು ಹೊಲದ ದಾರಿಯಲ್ಲಿ ನಡೆದಿದ್ದೆ. ಬೆಳವಣಕಿಯ ಹೊಲದಲ್ಲಿ ಕರೆಪ್ಪ, ಉಳಿದವರು ಕಾಯುತ್ತಿದ್ದರು. ತೆಂಕಣ ಹೊಲದ ಹತ್ತಿರ ಬಂದಾಗ ಬಾವಿಯೊಳಗಿಂದ ಸದ್ದು ಕೇಳಿತು. ಟಕ್. ಬಹಳ ಹೊತ್ತಿಗೆ ಇನ್ನೊಂದು ಟಕ್. ಅಗೆಯಲು ಬಾರದವನ ಸದ್ದು.

ಇಣುಕಿ ನೋಡಿದೆ. ಗೌಡ. ಒಬ್ಬನೇ. ಯಾರ ಕಣ್ಣಿಗೂ ಬೀಳಬಾರದೆಂದು ನಡುಮಧ್ಯಾಹ್ನ ಬಂದಿದ್ದ. ರುಮಾಲು ಬಿಚ್ಚಿ ಕಲ್ಲಿನ ಮೇಲೆ ಇಟ್ಟಿದ್ದ. ನಾವು ಬಿಟ್ಟಲ್ಲಿಂದ ಒಂದು ಗೇಣೂ ಇಳಿದಿರಲಿಲ್ಲ. ಅಂಗೈಯ ಬೊಬ್ಬೆ ಒಡೆದು ಗುದ್ದಲಿಯ ಕಾವು ಒದ್ದೆಯಾಗಿತ್ತು. ಬೆನ್ನ ಮೇಲೆ ಬೆವರು ಹರಿಯುತ್ತಿತ್ತು. ಅವನದೇ ಬೆವರು. ಬದುಕಿನಲ್ಲಿ ಮೊದಲ ಸಲ ನೋಡಿದೆ.

ನೆರಳು ಬಿದ್ದದ್ದಕ್ಕೆ ತಲೆ ಎತ್ತಿದ. ನನ್ನನ್ನು ಗುರುತಿಸಿದ. ಕಂಕುಳಲ್ಲಿದ್ದ ಗಡಿಗೆಯನ್ನು ನೋಡಿದ. ನಾಲಿಗೆಯಿಂದ ತುಟಿ ಸವರಿಕೊಂಡ.

"ಉಡಚವ್ವಾ," ಅಂದ. "ಬಾಯಿ ಒಣಗೇತಿ. ಒಂದು ಬೊಗಸಿ ನೀರ ಹಾಕ."

ವಾಡೆ ಕೂಗಳತೆಯ ದೂರದಲ್ಲಿತ್ತು. ಕೂಗಿದರೆ ಹನ್ನೆರಡು ಆಳು ಹಿತ್ತಾಳೆ ತಂಬಿಗೆ ಹಿಡಿದು ಓಡಿ ಬರುತ್ತಿದ್ದರು. ಬಂದರೆ ಗೌಡ ಗುದ್ದಲಿ ಹಿಡಿದದ್ದನ್ನು ನೋಡುತ್ತಿದ್ದರು. ನಾನು ನೋಡಿದರೆ ಅವನಿಗೆ ನಾಚಿಕೆ ಇರಲಿಲ್ಲ. ನಾನು ಅವನ ಲೆಕ್ಕದಲ್ಲಿ ಯಾರೂ ಅಲ್ಲ.

ಗಡಿಗೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದೆ.

"ಇದು ದುಡಿದವರ ನೀರ್ರಿ ಗೌಡ್ರ," ಅಂದೆ. "ನಿಮ್ಮದು ಕೆಳಗೈತಿ. ಇನ್ನ ಹತ್ತ ಮೊಳ. ಅಗೀರಿ."

ಹೇಳಿ ನಡೆದೆ. ಹಿಂದಿನಿಂದ ಬೈಗುಳ ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಹೊಲದ ಬದು ದಾಟಿದ ಮೇಲೆ ಗುದ್ದಲಿಯ ಸದ್ದು ಕೇಳಿತು.